ಎರಡು ಮೈಕಿನ ಡೋಲಕ

ಶಹಾಬಾದಿನ ತನ್ನ ಪುಟ್ಟ ಸ್ಟುಡಿಯೋದಲ್ಲಿ ಮಶಾಕ ಡೋಲಕಕ್ಕೆ ಇಡುತ್ತಿದ್ದದ್ದು ಒಂದೇ ಮೈಕು. ಭಜನೆಯವರು ಬರಲಿ, ಕವ್ವಾಲಿಯವರು ಬರಲಿ, ಅದೇ ಒಂದು. ಎರಡು ಇಟ್ಟದ್ದು ಚಿತ್ತಾಪುರದ ಪವಮಾನ ಮಾಸ್ತರರಿಗೆ ಮಾತ್ರ. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅವರ ಎಡಗೈ ಡೋಲಕದ ಮೇಲೆ ಬಿದ್ದರೆ ಎದುರು ಕೂತವರ ಎದೆಯನ್ನು ಯಾರೋ ಒಳಗಿನಿಂದ ಗುದ್ದಿದಂತಾಗುತ್ತಿತ್ತು. ಅಂಥ ಕೈಗೆ ಒಂದೇ ಮೈಕು ಇಡುವುದು ಮರ್ಯಾದೆಯಲ್ಲ ಎಂದುಕೊಂಡ ಮಶಾಕ ಎಡಕ್ಕೊಂದು, ಬಲಕ್ಕೊಂದು ಇಟ್ಟ. ಬೇರೆ ಬೇರೆ ಟ್ರ್ಯಾಕಿನಲ್ಲಿ ತುಂಬಿಕೊಂಡ ಎರಡನ್ನೂ ಆಮೇಲೆ ಕೂಡಿಸಿ ಕ್ಯಾಸೆಟ್ ಮಾಡಿದ. ತೊಂಬತ್ನಾಲ್ಕರ ಮಾತು.

ಕೂಡಿಸಿದ್ದೇ ತಡ, ಗುದ್ದು ಮಾಯ. ಮಾಸ್ತರರನ್ನು ಕರೆತಂದಿದ್ದ ಭಜನಾ ಮಂಡಳಿಯವರಿಗೆ ಏಕಾದಶಿಯೊಳಗೆ ಕ್ಯಾಸೆಟ್ ಬೇಕಿತ್ತು. ಕ್ಯಾಸೆಟ್ ಹಾಗೆಯೇ ಊರೂರಿಗೆ ಹೋಯಿತು.

ವಾಡಿಯಿಂದ ಚಿತ್ತಾಪುರಕ್ಕೆ ಹೊರಟ ಟೆಂಪೋದಲ್ಲಿ ಡ್ರೈವರ್ ಅದನ್ನೇ ಹಾಕಿದ. ಹಿಂದಿನ ಸೀಟಿನಲ್ಲಿ ಸ್ವತಃ ಮಾಸ್ತರರು ಕೂತಿದ್ದರು.

"ಇದ್ಯಾವನಪಾ, ಎಣ್ಣಿ ಡಬ್ಬಿ ಬಡಿಲಿಕತ್ತಾನ!" ಎಂದ ಕ್ಲೀನರ್.

ಮಾಸ್ತರರು ನಡುದಾರಿಯಲ್ಲೇ ಇಳಿದು, ಉಳಿದ ನಾಲ್ಕು ಮೈಲಿ ನಡೆದೇ ಮನೆ ಸೇರಿದರು. ಮಾತಾಡಿಸಲು ಹೋದ ಮಶಾಕನಿಗೆ ಬಾಗಿಲಲ್ಲೇ, "ನಿನ್ನ ಮಷೀನು ನನ್ನ ಕೈ ತಿಂದದ, ಮಶಾಕ," ಎಂದರು. ಮತ್ತೆಂದೂ ಶಹಾಬಾದಿಗೆ ಬರಲಿಲ್ಲ.

ಆಮೇಲಿನ ಒಂಬತ್ತು ವರ್ಷ ಮಶಾಕ ಹೊಸ ಯಂತ್ರ ತಂದಾಗಲೆಲ್ಲ ಮೊದಲು ಹಚ್ಚಿದ್ದು ಆ ಎರಡು ಟ್ರ್ಯಾಕಿನ ಟೇಪನ್ನೇ. ತಗ್ಗು ಸ್ವರದ ಬಾಸ್ ಏರಿಸಿದ, ಹಾರ್ಮೋನಿಯಮ್ಮಿಗೆ ಹೊಟ್ಟೆ ಬಂತು, ಡೋಲಕಕ್ಕೆ ಬರಲಿಲ್ಲ. ಕಂಪ್ರೆಸರ್ ತಂದು ಸದ್ದನ್ನು ಹಿಂಡಿದ. ಎಣ್ಣೆ ಡಬ್ಬಿ ಇನ್ನಷ್ಟು ಹತ್ತಿರ ಬಂತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಕಮರುನ್ನೀಸಾ ಒಂದು ದಿನ ತಡೆಯಲಾರದೆ ಹೇಳಿದಳು: "ಮಾಸ್ತರು ಚಿತ್ತಾಪುರದಾಗ ಇದ್ದಾರ. ನೀವು ಟೇಪಿನಾಗ ಹುಡುಕಾಕತ್ತೀರಲ್ರಿ!"

ಎರಡು ಸಾವಿರದ ಮೂರರಲ್ಲಿ ಕಂಪ್ಯೂಟರ್ ಬಂತು. ಅಲ್ಲಿಯವರೆಗೆ ಕಿವಿಗಷ್ಟೇ ಸಿಗುತ್ತಿದ್ದ ಸದ್ದು ಪರದೆಯ ಮೇಲೆ ಅಲೆಯಾಗಿ ಕಂಡಿತು. ಎಡದ ಮೈಕಿನ ಅಲೆ ಏರಿದಲ್ಲೆಲ್ಲ ಬಲದ್ದು ಇಳಿದಿತ್ತು. ಮಶಾಕ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಎಡಗೈ ಬಿದ್ದಾಗ ಎಡದ ಚರ್ಮ ಒಳಗೆ ಹೋಗುತ್ತದೆ, ಒಳಗಿನ ಗಾಳಿ ಬಲದ ಚರ್ಮವನ್ನು ಹೊರಗೆ ನೂಕುತ್ತದೆ. ಒಂದು ಮೈಕು ಕೂಡಿಸಿದ್ದನ್ನು ಇನ್ನೊಂದು ಕಳೆದಿತ್ತು. ಗಣಿತದ ಮಾಸ್ತರರ ಕೈ ಲೆಕ್ಕದ ಪ್ರಕಾರವೇ ಸೊನ್ನೆಯಾಗಿತ್ತು. ಒಂದೇ ಮೈಕು ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

ಬಲದ ಅಲೆಯನ್ನು ತಲೆಕೆಳಗು ಮಾಡಿ ಹಚ್ಚಿದ. ಫರ್ಸಿಕಲ್ಲಿನ ಹಲಗೆಯ ಮೇಲಿದ್ದ ಚಹಾದ ಕಪ್ ತನ್ನ ಬಸಿಯಲ್ಲಿ ಕಟಕಟ ಎಂದಿತು. ಒಳಗಿನಿಂದ ಕಮರುನ್ನೀಸಾ ಕೇಳಿದಳು: "ಮಾಸ್ತರ್ ಬಂದಾರೇನ್ರಿ?"

ಮರುದಿನವೇ ಚಿತ್ತಾಪುರ. ಬೇರೆಯವರ ಸ್ಪೀಕರಿನ ಮೇಲೆ ನಂಬಿಕೆಯಿಲ್ಲದ ಮಶಾಕ ಸರಿಮಾಡಿದ ಟೇಪಿನ ಜೊತೆ ಪ್ಲೇಯರು, ಸ್ಪೀಕರು ಎರಡನ್ನೂ ಹೊತ್ತೇ ಹೋಗಿದ್ದ. ಮಾಸ್ತರರ ಹೆಂಡತಿ ಸೀತಾಬಾಯಿ, "ಬರ್ರಿ ಭಾಯಿ, ಕುಂದ್ರಿ. ಮನಿ ದಾರಿ ಮರ್ತಿಲ್ಲಲ್ಲ!" ಎಂದು ಚಹಾಕ್ಕಿಟ್ಟರು. ಮಾಸ್ತರರು ಕುರ್ಚಿಯಲ್ಲಿ ಕೂತು ಕೇಳಿದರು. ಮುಗಿದ ಮೇಲೆ ಬೆರಳಲ್ಲೇ ಇನ್ನೊಮ್ಮೆ ಎಂದು ಸನ್ನೆ ಮಾಡಿದರು.

"ನಂದೇ ತಪ್ಪು ಮಾಸ್ತರ್. ನಿಮಗಂತ ಎರಡು ಮೈಕ್ ಇಟ್ಟೆ, ಅವು ಒಂದನ್ನೊಂದು ತಿಂದುವು."

"ಹಿಂದಕ್ ತಿರುಗಿಸು." ಮೂರನೆಯ ಸಲ ಕೇಳಿದ ಮೇಲೆ ಮಾಸ್ತರರು ಅಂದರು: "ಮೂರನೇ ನುಡಿಗೆ ನಾ ತಾಳ ಬಿಟ್ಟು ಮುಂದ ಓಡೀನಿ. ಗುದ್ದು ಇದ್ದಿಲ್ಲ, ಅದಕ್ಕ ತಪ್ಪೂ ಕೇಳ್ತಿದ್ದಿಲ್ಲ. ಒಂಬತ್ತು ವರ್ಷ ತಪ್ಪೆಲ್ಲ ನಿನ್ನ ಮ್ಯಾಲ ಹಾಕಿ ಆರಾಮ ಕೂತಿದ್ದೆ ನೋಡು."

"ಮತ್ತೊಮ್ಮೆ ಮಾಡೂಣು ಬರ್ರಿ. ಒಂದೇ ಮೈಕ್."

"ಡೋಲಕ ಕುರಕುಂಟಾದ ಭಜನಿ ಮಂದಿಗೆ ಕೊಟ್ಟು ಭಾಳ ದಿನ ಆತು. ಬೆರಳೂ ಬಾಗವಲ್ವು," ಎಂದು ಮಾಸ್ತರರು ಗಂಟುಕಟ್ಟಿದ ಬೆರಳುಗಳನ್ನು ತೋರಿಸಿ, "ಹಚ್ಚು ಇನ್ನೊಮ್ಮೆ," ಎಂದರು.

ಹಚ್ಚಿದ. ಮೊದಲ ನುಡಿ, ಎರಡನೆಯದು. ಮೂರನೆಯದಕ್ಕೆ ಟೇಪಿನ ಡೋಲಕ ಮುಂದೆ ಓಡಿತು. ಕುರ್ಚಿಯ ತೋಳಿನ ಮೇಲಿದ್ದ ಮಾಸ್ತರರ ಎಡಗೈ ಓಡಲಿಲ್ಲ. ಒಂದು ಕ್ಷಣ ತಡೆದು, ಬೀಳಬೇಕಾದಲ್ಲಿ ಅಂಗೈಸಮೇತ ಬಿತ್ತು. ಅದೇ ಗುದ್ದು, ಒಣ ಕಟ್ಟಿಗೆಯ ಮೇಲೆ.

ಮಶಾಕ ಚಟ್ಟನೆ ಸುತ್ತ ನೋಡಿದ. ಪ್ಲೇಯರು ತಂದಿದ್ದ, ಸ್ಪೀಕರು ತಂದಿದ್ದ. ಮೈಕು ಒಂದೂ ತಂದಿರಲಿಲ್ಲ.