ಪುಂಡಲೀಕಪ್ಪನ ಒಡ್ಡು

ಪುಂಡಲೀಕಪ್ಪ ಕುಳಿತದ್ದನ್ನು ಕಾಣಬೇಕೆಂದರೆ ಅವನ ಮದುವೆಯ ಫೋಟೋವನ್ನೇ ನೋಡಬೇಕು, ಅದರಲ್ಲೂ ಒಂದು ಹಿಮ್ಮಡಿ ನೆಲ ಬಿಟ್ಟಿದೆ ಎಂದು ನಮ್ಮ ಕ್ವಾರ್ಟರ್ಸಿನ ನೆರೆಹೊರೆಯವರು ನಗುತ್ತಿದ್ದರು. ಗದುಗಿನ ಹೊರಗೆ, ಗುಡ್ಡದ ಇಳಿಜಾರಿನ ಆ ವಿಶ್ವವಿದ್ಯಾಲಯದಲ್ಲಿ ನಾನು ಪಾಠ ಹೇಳುವವನು, ಅವನು ನೀರು ಬಿಡುವವನು. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಎದುರುಗಾಳಿಯನ್ನು ಹಣೆಯಿಂದ ಸೀಳುವವನಂತೆ ಮುಂದಕ್ಕೆ ಬಾಗಿ ನಡೆಯುವ ಕೃಶಕಾಯ. ಬಣ್ಣ ಮಾಸಿದ ಖಾಕಿ ಕೋಟು. ಅದರ ಕಿಸೆಯ ತುಂಬ ವಾಷರು, ತಂತಿ, ಮೊಳೆ. ಅವನಿಗಿಂತ ಮೊದಲು ಅವನ ಕಿಸೆಯ ಸದ್ದು ಬರುತ್ತಿತ್ತು. ಆರಾಮೇನು ಎಂದು ಯಾರು ಕೇಳಿದರೂ, "ಎಲ್ಲಾ ಹರದು ಹೊಂಟೈತ್ರಿ" ಎಂಬುದೊಂದೇ ಉತ್ತರ. ಅವನು ಹೇಳುತ್ತಿದ್ದುದು ನೀರಿನ ಯೋಗಕ್ಷೇಮ.

ನಮ್ಮ ಆವರಣಕ್ಕೋ, 'ಹಸಿರು' ಎಂಬ ಬಿರುದಿನ ಹಂಬಲ. ಛಾವಣಿಯ ಮೇಲೆ ಸೌರಫಲಕ, ಗೇಟಿನ ಮೇಲೆ ಗಿಡದ ಚಿತ್ರ, ಎದುರಿಗೆ ಹುಲ್ಲುಹಾಸು. ಬೇಸಿಗೆಯಲ್ಲಿ ಆ ಹುಲ್ಲಿಗೆ ಟ್ಯಾಂಕರಿನ ನೀರು. ಮಳೆ ಬಂದರೆ ಗುಡ್ಡದ ನೀರೆಲ್ಲ ಹಾಸ್ಟೆಲಿನ ಹಿಂದಿನಿಂದ ಹಾದು ಮುಂಡರಗಿ ರಸ್ತೆಗೆ. ಇದನ್ನು ನೋಡಲಾರದೆ ಪುಂಡಲೀಕಪ್ಪ ಹೋದ ವರ್ಷ ಅಲ್ಲೊಂದು ಒಡ್ಡು ಹಾಕಿದ. ತನ್ನೂರು ಅಸುಂಡಿಯ ಹೊಲದಲ್ಲಿ ಅಪ್ಪ ಹಾಕಿದಂತೆಯೇ, ನಿಂತ ನೆಲದ ಮಣ್ಣನ್ನೇ ಏರಿಸಿ, ನೀರು ಹನಿಸಿ, ಕಾಲಿಂದ ತುಳಿದು. ಆದರೆ ಅವರ ಹೊಲ ಎರೆ, ನೆನೆದರೆ ಉಬ್ಬಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಕಪ್ಪುಮಣ್ಣು; ಇಲ್ಲಿಯದು ಗರಸು ಬೆರೆತ ಮಸಾರಿ, ಜರಡಿಯಂಥ ಕೆಂಪುಮಣ್ಣು. ಮೊದಲ ದೊಡ್ಡ ಮಳೆಗೇ ಒಡ್ಡು ಒಡೆದು, ಕೆಂಪು ನೀರು ಹಾಸ್ಟೆಲಿನ ಅಡುಗೆಮನೆಗೆ ನುಗ್ಗಿ, ಜೋಳದ ಹಿಟ್ಟಿನ ಚೀಲಗಳು ನೆನೆದು ಮುದ್ದೆಯಾದವು.

ಎಂಜಿನಿಯರ್ ಚನ್ನಬಸವಣ್ಣನವರು ಆ ಜಾಗವನ್ನು ಸಮತಟ್ಟು ಮಾಡಿ ವಾಹನ ನಿಲ್ಲಿಸಲು ಸಿಮೆಂಟಿನ ಹಾಸು ಹಾಕುವುದೆಂದು ತೀರ್ಮಾನಿಸಿಬಿಟ್ಟರು.

"ಒಂದ್ ಮಳಿ ತಡೀರಿ, ಸಾಹೇಬ್ರ. ನೀರು ನಿಲ್ಲಲಿಲ್ಲಂದ್ರ ನಾನಽ ಹಾರಿ-ಗುದ್ದಲಿ ತಗೊಂಡು ಕೆಡವತೇನಿ" ಎಂದ ಪುಂಡಲೀಕಪ್ಪ.

ಮೇ ಕೊನೆಯವರೆಗೆ ಎಂದು ಗಡುವು ಸಿಕ್ಕಿತು. ಅವನ ನಿವೃತ್ತಿಯೂ ಅಂದೇ.

ನಾಲ್ಕು ರವಿವಾರ ಅಸುಂಡಿಗೆ ಹೋಗಿ, ತನ್ನ ಪಾಲಿನ ಹೊಲದಿಂದ ಟ್ರ್ಯಾಕ್ಟರಿನಲ್ಲಿ ಎರೆಮಣ್ಣು ತಂದ. "ಹೊಲಾನಽ ಹೇರಕೊಂಡು ಹೊಂಟಿ, ಅದರ ಉತಾರದ ಕಾಗದಾನೂ ಒಯ್ಯತಿಯೇನಲೇ?" ಎಂದು ಅಣ್ಣ ಮುತ್ತಣ್ಣ ಹಂಗಿಸಿದನಂತೆ. ತವರಿಗೆ ಕರೆದೊಯ್ಯಲು ಪುರಸೊತ್ತಿಲ್ಲದ ಗಂಡ ಮಣ್ಣಿಗಾಗಿ ನಾಲ್ಕು ಸಲ ಗಾಡಿ ಮಾಡಿದ್ದನ್ನು ಹೆಂಡತಿ ಹುಚ್ಚವ್ವ ಗೋಡೆಯಾಚೆಯಿಂದ ನನಗೆ ಕೇಳುವಂತೆಯೇ ಹೇಳಿಕೊಂಡಳು. ಅವನು ಮಾತ್ರ ಒಡ್ಡಿನ ನಡು ಸೀಳಿ, ಎರೆ ತುಂಬಿ ತುಳಿದು, ಮೇಲೆ ಮಸಾರಿ ಹೊದಿಸಿ, ಹೆಚ್ಚಿನ ನೀರು ಹೋಗಲು ಪಕ್ಕದಲ್ಲಿ ಕಲ್ಲಿನ ಕೋಡಿ ಕಟ್ಟಿದ.

ಆಮೇಲೆ ಕಾಯುವುದು. ಕಪ್ಪತಗುಡ್ಡದ ಮೇಲೆ ಮೋಡ ಕೂಡುವುದು, ಚದುರುವುದು. ಇವನು ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ಅಂಗಳಕ್ಕೆ ಓಡುವುದು, ಮರಳುವುದು. ಸಿಮೆಂಟಿನ ಹಾಸುಗಳ ಲಾರಿಯೂ ಬಂದು ಒಡ್ಡಿನ ಪಕ್ಕದಲ್ಲೇ ಅವನ್ನು ಪೇರಿಸಿ ಹೋಯಿತು.

ನಿವೃತ್ತಿಗೆ ಎರಡು ದಿನವಿರುವಾಗ, ಸಂಜೆ ನಾಲ್ಕಕ್ಕೆ, ಆಣೆಕಲ್ಲು ಸಹಿತ ಬಿತ್ತು ಮಳೆ. ನಾನು ಕೊಡೆ ಹಿಡಿದು ಹೋಗುವಷ್ಟರಲ್ಲಿ ಒಡ್ಡಿನ ಮೇಲುಬದಿಗೆ ಮೊಣಕಾಲುದ್ದ ನೀರು ನಿಂತಿತ್ತು. ಪುಂಡಲೀಕಪ್ಪ ಒಡ್ಡಿನ ಕೆಳಬದಿಗೆ ಇಳಿದು, ಮೇಲಿನ ಹಸಿಮಣ್ಣನ್ನು ಕೆದರಿ ಕೆದರಿ, ನೀರು ಒಸರಿದೆಯೇ ಎಂದು ಒಳಗೆ ಕೈಯಿಟ್ಟು ತಡವುತ್ತ ಓಡಾಡುತ್ತಿದ್ದ. ಕೊನೆಗೆ ಹಿಡಿ ಮಣ್ಣು ತಂದು ನನ್ನ ಮುಂದೆ ಬಿಚ್ಚಿದ.

"ಒಣಾ ಐತ್ರಿ, ಸರ."

ಅಷ್ಟಂದವನು ಆ ರಾಡಿಯಲ್ಲೇ ಕುಳಿತ, ಎರಡೂ ಹಿಮ್ಮಡಿ ನೆಲಕ್ಕೆ ಊರಿ. ಕ್ವಾರ್ಟರ್ಸಿಗೆ ಕ್ವಾರ್ಟರ್ಸೇ ನೋಡಲು ಬಂತು. ನೀರನ್ನೋ ಅವನನ್ನೋ ಹೇಳಲಾರೆ. ಚನ್ನಬಸವಣ್ಣನವರೂ ಬಂದು ಬಹಳ ಹೊತ್ತು ನಿಂತು, ಈ ಮಳೆಗಾಲ ಇರಲಿ, ಮುಂದೆ ನೋಡೋಣ ಎಂದರು. ಹಾಸುಗಳನ್ನು ಮಾತ್ರ ಒಯ್ಯಿಸಲಿಲ್ಲ.

ಮೂವತ್ತೊಂದರಂದು ಸಾಮಾನೆಲ್ಲ ಟೆಂಪೋ ಏರಿತು, ಹುಚ್ಚವ್ವ ಮುಂದೆ ಕುಳಿತಳು. ಬಾಗಿಲಿಗೆ ಕೀಲಿ ಹಾಕಿ, ಕೋಟಿನ ಕಿಸೆ ಬರಿದು ಮಾಡಿ, ವಾಷರುಗಳನ್ನೆಲ್ಲ ನನ್ನ ಕೈಗೆ ಸುರಿದ ಪುಂಡಲೀಕಪ್ಪ ಆ ಮನೆಯಿಂದ ಕೊನೆಯ ಸಲ ಹೊರಟ. ಹೊರಟವನು ಗೇಟಿನತ್ತ ಹೋಗದೆ ಒಡ್ಡಿನತ್ತ ತಿರುಗಿದ. ಟೆಂಪೋದವನು ಹಾರ್ನ್ ಹೊಡೆಯುತ್ತಲೇ ಇದ್ದ. ಸಂಸ್ಥೆಗಳಿಗೆ ಬಿರುದು ಸಿಕ್ಕರೆ ಸಾಕು, ಗೋಡೆಗೆ ತೂಗುಹಾಕಿ ನಿಶ್ಚಿಂತವಾಗಿಬಿಡುತ್ತವೆ; ಇಂಥವರಿಗೆ ಬೇಕಾದದ್ದು ಅಂಗೈಯಲ್ಲಿ ಒಂದು ಹಿಡಿ ಒಣಮಣ್ಣು, ಅದೂ ಅಂದಿನ ಮಟ್ಟಿಗೆ. ಮರುದಿನ ಮತ್ತೆ ಮುಟ್ಟಿ ನೋಡಬೇಕು.