ಅಕ್ಕನ ಮೂಗಿನ ಪೈಪು

೧
"ಇಳಿಬಿಸಿಲು ಕಿಟಕಿಯಿಂದ ಜಾರಿ ಅಕ್ಕನ ಕೆನ್ನೆಯ ಮೇಲೆ ಬಿದ್ದಿತ್ತು. ಅವಳು ಶಾಂತವಾಗಿ..."

ಹೀಗೆ ಶುರು ಮಾಡಿದ್ದೆ, ಹೊಡೆದುಹಾಕಿದೆ. ಆ ವಾರ್ಡಿನ ಕಿಟಕಿಗೆ ಬಿಸಿಲೇ ಬರುವುದಿಲ್ಲ, ಎದುರಿಗೆ ಜನರೇಟರ್ ಶೆಡ್ಡು. ಅಕ್ಕ ಶಾಂತವಾಗಿಯೂ ಇರಲಿಲ್ಲ; ಟೀ ತಣ್ಣಗಿದೆ ಎಂದು ನರ್ಸ್ ಜೊತೆ ಜಗಳಕ್ಕೆ ನಿಂತಿದ್ದಳು. (ಓದುಗರೇ, ಸಾವಿನ ಹತ್ತಿರದವರ ಬಗ್ಗೆ ಬರೆಯಲು ಕೂತರೆ ಸಾಕು, ನನ್ನ ಪೆನ್ನಿಗೆ ಇಳಿಬಿಸಿಲು ಬಡಿಯುತ್ತದೆ. ಮದ್ದಿಲ್ಲದ ರೋಗ.)

೨
ಮತ್ತೆ ಶುರು. ಈ ಅಕ್ಕನ ತಮ್ಮ ಒಬ್ಬ ಚಿತ್ರಕಾರ. ಇಪ್ಪತ್ತೆಂಟು ವರ್ಷದ ಹಿಂದೆ ತನ್ನ ಅಕ್ಕನನ್ನು ಸೋಫಾದ ಮೇಲೆ ಮಲಗಿಸಿ 'ಕೊನೆಯ ಉಸಿರು' ಎಂಬ ಚಿತ್ರ ಬರೆದ. ಬಿಳಿ ಹೊದಿಕೆ, ಬಿಚ್ಚಿದ ಕೂದಲು, ಎದೆಯ ಮೇಲೊಂದು ಹೂವು. ಅಕ್ಕನಿಗೆ ಆಗ ನೆಗಡಿಯೂ ಇರಲಿಲ್ಲ; ನಗು ತಡೆಯಲಾಗದೆ ಎರಡು ಸಲ ಎದ್ದು ಓಡಿದ್ದಳು. ಜನ ಮಾತ್ರ ಚಿತ್ರದ ಮುಂದೆ ನಿಂತು ಕಣ್ಣೊರೆಸಿಕೊಂಡರು. ಅವನಿಗೆ ಹೆಸರು ಬಂತು. ಆಮೇಲೆ ಅವನು ಬರೆದದ್ದೆಲ್ಲ ಸಾವೇ, ಚೆಂದದ ಸಾವು. ಅವನ ಚಿತ್ರಗಳಲ್ಲಿ ಸಾಯುವವರಿಗೆ ಬೆವರು ಕೂಡ ಬರುವುದಿಲ್ಲ.

ಈಗ ಅಕ್ಕನ ಶ್ವಾಸಕೋಶ ನಿಜವಾಗಿಯೂ ಕೈಕೊಟ್ಟಿದೆ. ಮುಖ ಊದಿದೆ, ಮೂಗಿಗೆ ಆಕ್ಸಿಜನ್ ಪೈಪು. ನಾಳೆ ಆಪರೇಷನ್. "ನೋಡೋಣ" ಎಂದಿದ್ದಾರೆ ಡಾಕ್ಟರು.

೩
"ಇನ್ನೊಂದು ಸಲ ಬರಿಯೋ ನನ್ನ," ಅಂದಳು ಅಕ್ಕ. "ಹೇಗಿದೀನೋ ಹಾಗೇ. ಪೈಪು ಸಮೇತ."

"ಈಗ್ಯಾಕಕ್ಕ? ಹುಷಾರಾದ ಮೇಲೆ ಬರೀತೀನಿ."

"ಹುಷಾರಾಗಿರೋರ ಮೇಲೆ ನಿನಗೆ ಯಾವಾಗ ಇಂಟರೆಸ್ಟ್ ಇತ್ತು?" ಉಸಿರಿಗಾಗಿ ನಿಂತಳು. "ನನ್ನ ಮಗಳು ನಿನ್ನ ಆ ಹಳೇ ಚಿತ್ರದ ಕೆಳಗೇ ಬೆಳೆದೋಳು. ಸಾಯೋದು ಅಂದ್ರೆ ಹಾಗೇ ಅಂದ್ಕೊಂಡಿದ್ಲು. ಮೊನ್ನೆ ನಾನು ಕೆಮ್ಮಿದ್ದು ನೋಡಿ ಹೆದರಿ ಆಚೆ ಹೋದೋಳು, ಇನ್ನೂ ಒಳಗೆ ಬಂದಿಲ್ಲ. ಕಾರಿಡಾರಲ್ಲೇ ಕೂತಿದಾಳೆ. ಮೊದಲು ಅವಳಿಗೆ ಚಿತ್ರ ತೋರಿಸು. ಅದನ್ನ ನೋಡೋ ಧೈರ್ಯ ಬಂದ್ರೆ ನನ್ನನ್ನೂ ನೋಡ್ತಾಳೆ. ನಾಳೆಯೊಳಗೆ, ಗೊತ್ತಾಯ್ತಾ?"

೪
ಮೊದಲ ಹಾಳೆಯಲ್ಲಿ ಕೆನ್ನೆ ತಾನಾಗಿ ಸಣ್ಣಗಾಯಿತು, ಪೈಪು ಮಾಯವಾಯಿತು. ಅಕ್ಕ ನೋಡಿ, "ಯಾರೋ ಇವಳು?" ಅಂದಳು.

ಹರಿದ. ಎರಡನೆಯದಕ್ಕೆ ಕುತ್ತಿಗೆಯ ಗೆರೆ ಸರಿಯಾಗಿ ಸಿಗಲಿಲ್ಲ. ಅಭ್ಯಾಸಬಲ ನೋಡಿ: ಎದ್ದು, ಮಂಚದ ಕೆಳಗಿನ ಹಿಡಿಕೆ ತಿರುಗಿಸಿ ತಲೆಯ ಕಡೆ ತಗ್ಗಿಸಿಬಿಟ್ಟ. ಸೋಫಾದ ಮೇಲೆ ಮಲಗಿಸಿದ್ದನಲ್ಲ, ಹಾಗೆ. ಗೆರೆ ಬಂತು. ಅಕ್ಕನ ಉಸಿರು ಹೋಯಿತು. ಅವಳ ತುಟಿ ನೀಲಿಯಾಗುತ್ತಿದ್ದುದನ್ನು ಅವನು ಅರೆಗಳಿಗೆ ಬಣ್ಣವೆಂದೇ ನೋಡಿದ.

ನರ್ಸ್ ಓಡಿಬಂದು ಮಂಚ ಎತ್ತಿದಳು. "ಬುದ್ಧಿ ಇದೆಯಾ ನಿಮಗೆ? ಒರಗಿ ಕೂತ್ರೆ ಮಾತ್ರ ಇವರಿಗೆ ಉಸಿರಾಡೋಕಾಗೋದು!"

ಅವನಿಗೆ ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. (ಆ ತುಟಿಗೆ ನಾನೊಂದು ಹೂವಿನ ಹೋಲಿಕೆ ಬರೆದಿದ್ದೆ. ಅಳಿಸಿದೆ. ಮಂಚ ತಗ್ಗಿಸಿದವರಲ್ಲಿ ನಾನೂ ಒಬ್ಬ.)

೫
ಮುಕ್ತಾಯಗಳು ರೆಡಿ ಇವೆ. ಒಂದು: ಅಕ್ಕ ಸಾಯುತ್ತಾಳೆ, ಚಿತ್ರ ಅಮರ.

"ಏನಪ್ಪಾ ಕತೆಗಾರ," ಎಂದು ಅಕ್ಕ ಇಲ್ಲಿ ನನ್ನನ್ನೇ ತರಾಟೆಗೆ ತಗೊಂಡಳು, "ನಿನ್ನ ಕತೆ ನಿಲ್ಲೋಕೆ ನಾನೇ ಮಲಗಬೇಕಾ?"

ಇನ್ನೊಂದು: ಪೂರ್ತಿ ಗುಣವಾಗಿ ಮನೆಗೆ ಬರುತ್ತಾಳೆ.

"ಅದೂ ಬೇಡ. ಡಾಕ್ಟರಿಗೇ ಗೊತ್ತಿಲ್ಲದ್ದು ನಿನಗೆ ಹೇಗೆ ಗೊತ್ತು?"

ಎರಡನ್ನೂ ಹೊಡೆದುಹಾಕಿದೆ.

೭
(ಆರನ್ನು ಹರಿದೆ. ಅದರಲ್ಲಿ ಮತ್ತೆ ಬಿಸಿಲಿತ್ತು.)

ಮೂರನೆಯ ಹಾಳೆಯಲ್ಲಿ ಎಲ್ಲವೂ ಬಂತು: ಊದಿದ ಮುಖ, ಒಡೆದ ತುಟಿ, ಪೈಪು, ಅದನ್ನು ಕೆನ್ನೆಗೆ ಅಂಟಿಸಿದ ಪ್ಲಾಸ್ಟರ್. ಚೆಂದ ಇರಲಿಲ್ಲ. ಅಕ್ಕ ನೋಡಿ, "ಹ್ಞಾಂ, ಇವಳು ಗೊತ್ತು," ಅಂದಳು.

ಕಾರಿಡಾರಿನಲ್ಲಿ ಅವನು ಕೊಟ್ಟ ಹಾಳೆಯನ್ನು ಮಗಳು ಚಿತ್ರ ಕಾಣದಂತೆ ತಿರುಗಿಸಿ ಇಟ್ಟುಕೊಂಡಳು. ಆಮೇಲೆ ನೋಡಿದಳು. ತುಂಬ ಹೊತ್ತು ನೋಡಿದಳು.

"ಮಾವ, ಈ ಪೈಪು ನೋಯುತ್ತಾ?"

"ಗೊತ್ತಿಲ್ಲಮ್ಮ. ನಾನು ಕೇಳಲೇ ಇಲ್ಲ."

ಅವಳು ಎದ್ದು ಹೋಗಿ ವಾರ್ಡಿನ ಬಾಗಿಲಿಗೆ ಕೈಯಿಟ್ಟಳು. ಅಷ್ಟರಲ್ಲಿ ಒಳಗೆ ಅಕ್ಕನ ಕೆಮ್ಮು ಶುರುವಾಯಿತು.

ಒಂದೇ ವಾಕ್ಯದಲ್ಲಿ ಅವಳನ್ನು ಒಳಗೆ ಕಳಿಸಬಲ್ಲೆ. ಕಳಿಸುವುದಿಲ್ಲ. ಕೆಮ್ಮು ನಿಂತಿಲ್ಲ. ಅವಳು ಬಾಗಿಲಿನಿಂದ ಕೈ ತೆಗೆದೂ ಇಲ್ಲ.