ಮೂಗುಬೊಟ್ಟಿನ ಸನ್ನೆ

ಉಪ್ಪು ಹಾಕಿ ಐದು ನಿಮಿಷವಾಗಿತ್ತು. ದೇವಸ್ಥಾನದ ಅಡಿಗೆಮನೆಯಲ್ಲಿ ಇನ್ನೂರು ಜನಕ್ಕಾಗುವ ಹುಳಿಯನ್ನದ ಪಾತ್ರೆಯ ಮುಂದೆ ನಿಂತು ಶ್ರೀಹರಿ ಹೆಂಡತಿಯ ಕಡೆ ಕಳ್ಳನೋಟ ಬೀರಿದ. ಕೊತ್ತಂಬರಿ ಸೊಪ್ಪು ಹೆಚ್ಚುತ್ತಿದ್ದ ವತ್ಸಲಾ ತಲೆಯೆತ್ತದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಉಪ್ಪು ಸಾಲದು ಅನ್ನುವುದಕ್ಕೆ ಅದು ಗುರುತು. ಶ್ರೀಹರಿ ಬಹಳ ಗತ್ತಿನಿಂದ ಇನ್ನೆರಡು ಹಿಡಿ ಉಪ್ಪು ತೆಗೆದು ಪಾತ್ರೆಗೆ ಸುರಿದ.

"ರುಚಿ ನೋಡದ ಹೆಂಗ್ ಗೊತ್ತಾತ್ರಿ ನಿಮಗ?" ಉದ್ದ ಹಿಡಿಯ ಸೌಟಿನಿಂದ ತಿರುವುತ್ತಿದ್ದ ಕಲ್ಲಿನಾಥ ಕೇಳಿದ. ಧಾರವಾಡದ ಕಡೆಯವನು, ಈ ಸಲ ಶ್ರೀಹರಿಯ ಕೈಕೆಳಗೆ ಅಡಿಗೆ ಕಲಿಯುತ್ತೇನೆಂದು ಹಟ ಹಿಡಿದು ಬಂದಿದ್ದ.

"ನೈವೇದ್ಯದ ಅಡಿಗೆ ರುಚಿ ನೋಡೋ ಹಾಗಿಲ್ಲ ಕಲ್ಲಿನಾಥ್. ವಾಸನೇಲೇ ತಿಳ್ಕೋಬೇಕು."

ಮಡಿವಂತರನ್ನು ಕೇಳಿದರೆ ದೇವರಿಗೆ ಮುಂಚೆ ಮೂಸುವುದೂ ತಪ್ಪೇ. ಆದರೆ ಹಬೆ ತಾನಾಗಿ ಎದ್ದು ಮೂಗಿಗೆ ಬಂದರೆ ಅಡಿಗೆಯವನು ಏನು ಮಾಡಿಯಾನು? ಆ ಹಬೆಯೊಂದನ್ನೇ ನಂಬಿ ಶ್ರೀಹರಿ ಹನ್ನೊಂದು ವರ್ಷ ಪರದೇಶದ ಈ ಊರಿನ ಕನ್ನಡ ಕೂಟದ ಯುಗಾದಿ ಅಡಿಗೆ ಮಾಡಿದ್ದ. ಒಮ್ಮೆಯೂ ಉಪ್ಪು ಹೆಚ್ಚು ಕಡಿಮೆಯಾಗಿರಲಿಲ್ಲ, ಒಮ್ಮೆಯೂ ತಳ ಹಿಡಿದಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಮೂಗು ಅದು. ಯಾರ ಮನೆಗೆ ಊಟಕ್ಕೆ ಹೋದರೂ ಹೊಸ್ತಿಲಲ್ಲೇ ನಿಂತು, "ಮೆಂತ್ಯ ಸ್ವಲ್ಪ ಹೆಚ್ಚು ಹುರಿದಿದೀರಿ ಅಲ್ವಾ?" ಎನ್ನುತ್ತಿದ್ದ. ಕರೆದವರಿಗೆ ಯಾಕಾದರೂ ಕರೆದೆವೋ ಅನ್ನಿಸುತ್ತಿತ್ತು.

ಎಲ್ಲರ ಅಡಿಗೆಗೂ ಮೂಗು ಮುರಿಯುತ್ತಿದ್ದ ಇಂಥ ಮನುಷ್ಯನ ಮೂಗನ್ನೇ ದೇವರು ಕಿತ್ತುಕೊಂಡ. ಡಿಸೆಂಬರಿನಲ್ಲಿ ಕೆಲಸ ಹೋಯಿತು, ಜನವರಿಯಲ್ಲಿ ಮೂಗು ಹೋಯಿತು. ಕೆಲಸ ಹೋದದ್ದು ಅವನೊಬ್ಬನದೇ ಅಲ್ಲ. ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಬಾಗಿಲುಗಳಿಗೆ ರಬ್ಬರು ಪಟ್ಟಿ ಮಾಡುತ್ತಿದ್ದ ಅವನ ಕಂಪನಿ ಆ ತಿಂಗಳು ನಲವತ್ತು ಜನರನ್ನು ಮನೆಗೆ ಕಳಿಸಿತ್ತು. ಮೂಗು ಹೋದದ್ದು ಮಾತ್ರ ಅವನೊಬ್ಬನದೇ. ರಾಚೆಸ್ಟರ್ ಹಿಲ್ಸ್‌ನ ಮನೆಯ ಡ್ರೈವ್‌ವೇಯಲ್ಲಿ ಕಣ್ಣಿಗೆ ಕಾಣದ ಐಸ್ ಮೇಲೆ ಜಾರಿ, ಹಿಂದಲೆ ಬಡಿದು ಬಿದ್ದ. ಎರಡು ದಿನ ತಲೆನೋವು ಇತ್ತು. ಮೂರನೆಯ ದಿನ ಒಲೆಯ ಮೇಲೆ ಹಾಲು ಸೀದು, ಹೊಗೆಯ ಅಲಾರಂ ಕಿರುಚಿಕೊಂಡಾಗ, ಅವನು ಅದೇ ಒಲೆಯ ಪಕ್ಕದಲ್ಲಿ ಪೇಪರು ಓದುತ್ತ ಕೂತಿದ್ದ.

"ನಿಮ್ಮ ಮೂಗು ಸರಿಯಾಗೇ ಇದೆ ಅಂಕಲ್," ಎಂದಿದ್ದಳು ಡಾಕ್ಟರ್ ಸುಹಾಸಿನಿ, ಇಲ್ಲಿಯ ಕನ್ನಡದವರೊಬ್ಬರ ಮಗಳು. "ಅಲ್ಲಿಂದ ಮಿದುಳಿಗೆ ಹೋಗೋ ನರಗಳು ತುಂಬಾ ಸಣ್ಣ. ಬಿದ್ದಾಗ ಮಿದುಳು ಅಲುಗಿ ಅವು ಕಿತ್ತುಹೋಗಿವೆ. ಉಪ್ಪು, ಹುಳಿ, ಸಿಹಿ ನಾಲಿಗೆಗೆ ಗೊತ್ತಾಗತ್ತೆ. ಮಿಕ್ಕ ರುಚಿಯೆಲ್ಲ ಮಿದುಳು ವಾಸನೆಯಿಂದ ಕಟ್ಟಿಕೊಳ್ಳೋದು."

"ವಾಪಸ್ ಬರತ್ತೇನಮ್ಮ?"

"ಬರಬಹುದು, ಬರದೇನೂ ಇರಬಹುದು. ದಿನಾ ಒಂದು ನಾಲ್ಕು ಪದಾರ್ಥ ಮೂಸಿ. ಮೂಸ್ತಾ ಅದರ ವಾಸನೆ ಹೇಗಿತ್ತು ಅಂತ ನೆನಪು ಮಾಡ್ಕೊಳ್ಳಿ. ಬಂದ್ರೂ ಮೊದಮೊದಲು ತಪ್ಪುತಪ್ಪಾಗಿ ಬರತ್ತೆ. ಯಾವುದೋ ವಾಸನೆಗೆ ಯಾವುದನ್ನೋ ಜೋಡಿಸಿಬಿಡತ್ತೆ ಮಿದುಳು. ಹೆದರ್ಕೋಬೇಡಿ."

ಇಷ್ಟರಲ್ಲಿ ಶ್ರೀಹರಿಯ ಕಿವಿಗೆ ಬಿದ್ದದ್ದು 'ಬರದೇನೂ ಇರಬಹುದು' ಎಂಬುದೊಂದೇ. ಉಳಿದದ್ದನ್ನು ಪಕ್ಕದಲ್ಲಿ ಕೂತಿದ್ದ ವತ್ಸಲಾ ಕೇಳಿಸಿಕೊಂಡಳು.

ಅಂದಿನಿಂದ ಬೆಳಗಾದರೆ ನಾಲ್ಕು ಡಬ್ಬಿ. ಲವಂಗ, ನಿಂಬೆ ಸಿಪ್ಪೆ, ಕಾಫಿಪುಡಿ, ಇಂಗು. ಹೋಗಲು ಆಫೀಸಿಲ್ಲದ ಗಂಡ, ಕಣ್ಣುಮುಚ್ಚಿ ಒಂದೊಂದನ್ನೇ ಮೂಸಿ, "ನೀರು ಮೂಸಿದ ಹಾಗಿದೆ ಕಣೇ," ಎಂದು ಡಬ್ಬಿ ಮುಚ್ಚಿ ಕೊಡುತ್ತಿದ್ದ. ಸಾರೆಂದರೆ ಬಿಸಿ ನೀರಿಗೆ ಉಪ್ಪು ಖಾರ ಬೆರೆಸಿದ್ದು, ಅಷ್ಟೇ. ಹೆಂಡತಿ ಹತ್ತಿರ ಬಂದು ಕೂತರೆ ಅವಳ ತಲೆಯ ಕೊಬ್ಬರಿ ಎಣ್ಣೆಯ ವಾಸನೆಯೂ ಇಲ್ಲ. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಟ್ಟಿತ್ತು. ಆದರೆ ಹೊರಗೆ ಬಾಯಿಬಿಡಲಿಲ್ಲ. ಯಾರ ಮನೆಯಲ್ಲಿ ಏನು ಬಡಿಸಿದರೂ "ಬಹಳ ಚೆನ್ನಾಗಿದೆ" ಎನ್ನತೊಡಗಿದ. ಪಾಪ, ಕೆಲಸ ಹೋದ ಮೇಲೆ ಮನುಷ್ಯ ಮೆತ್ತಗಾಗಿದ್ದಾನೆ ಎಂದು ಜನ ಮಾತಾಡಿಕೊಂಡರು.

ಯುಗಾದಿ ಹತ್ತಿರ ಬಂದಾಗ ವತ್ಸಲಾ, "ಈ ವರ್ಷ ಬೇರೆಯವರು ಮಾಡ್ಲಿ ಬಿಡಿ," ಎಂದಳು.

"ಇದೂ ಹೋದ್ರೆ ನಾನು ಯಾರು ಅಂತ ಹೇಳ್ಕೊಳ್ಳಲಿ ವತ್ಸಲಾ?"

ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೂಟದ ಅಡಿಗೆಮನೆಗೆ ಕಾಲಿಡದವಳು ಈ ಸಲ ತಾನೇ ಹೊರಟಳು. ಉಪ್ಪು ಸಾಲದಿದ್ದರೆ ಸೆರಗು ಸಿಕ್ಕಿಸುವುದು, ತಳ ಹಿಡಿಯುವ ವಾಸನೆ ಬಂದರೆ ಮೂಗುಬೊಟ್ಟು ಮುಟ್ಟುವುದು. ಕಾರಿನಲ್ಲಿ ಬರುವಾಗ ಇಬ್ಬರೂ ಎರಡು ಸಲ ಪಾಠ ಒಪ್ಪಿಸಿಕೊಂಡಿದ್ದರು.

ಹನ್ನೊಂದು ಗಂಟೆಯವರೆಗೂ ಎಲ್ಲ ಸುಸೂತ್ರವಾಗಿ ನಡೆಯಿತು. ಹನ್ನೊಂದೂವರೆಗೆ ನೈವೇದ್ಯ. ಆಗ ಬಾಗಿಲಲ್ಲಿ ಅನುಸೂಯಮ್ಮ ಕಾಣಿಸಿಕೊಂಡರು. ಮಗಳ ಮನೆಗೆಂದು ಮೈಸೂರಿನಿಂದ ಬಂದು, ಬಂದ ವಾರದಲ್ಲೇ ದೇವಸ್ಥಾನದ ಮಡಿಯನ್ನೆಲ್ಲ ವಹಿಸಿಕೊಂಡಿದ್ದ ಹಿರಿಯಾಕೆ.

"ವತ್ಸಲಾ, ಬಾಮ್ಮ, ತೋರಣ ಕಟ್ಟೋರೇ ಇಲ್ಲ. ಪ್ಲಾಸ್ಟಿಕ್ಕಿಂದಾದ್ರೂ ನೆಟ್ಟಗೆ ಕಟ್ಟಬೇಡ್ವೇ?"

ವತ್ಸಲಾ ಗಂಡನ ಮುಖ ನೋಡಿದಳು. ಹೋಗೆಂದು ಅವನು ತಲೆಯಾಡಿಸಿದ. ಐದು ನಿಮಿಷದಲ್ಲಿ ಏನಾದೀತು ಎಂದುಕೊಂಡ.

ಆದದ್ದು ಮೂರನೆಯ ನಿಮಿಷದಲ್ಲಿ. ಕಲ್ಲಿನಾಥ ಮಸಾಲೆ ಪುಡಿಯ ಕೊನೆಯ ಬಟ್ಟಲನ್ನು ಸುರಿದು ತಿರುವಿದ. ಹಬೆ ಭಗ್ಗನೆ ಮೇಲೆದ್ದಿತು. ಅದರ ಹಿಂದೆಯೇ ಸುಟ್ಟ ರಬ್ಬರಿನ ಕಮಟು ನಾತ ಬಂದು ಶ್ರೀಹರಿಯ ಮುಖಕ್ಕೆ ರಾಚಿತು. ಹೋಯಿತು, ತಳ ಹಿಡಿಯಿತು.

"ಒಲೆ ಆರ್ಸು ಕಲ್ಲಿನಾಥ್, ಬೇಗ. ಎಲ್ಲ ಸೀದು ಹೋಯ್ತು."

ಕಲ್ಲಿನಾಥ ಗಾಬರಿಯಿಂದ ಒಲೆ ಆರಿಸಿದ. ಆಮೇಲೆ ಮುಖ ಮುಂದೆ ಮಾಡಿ ನಿಂತ. "ಏನ್ ಸೀದೈತ್ರಿ? ಘಮಘಮ ಅನ್ನಾಕತ್ತೈತಿ."

"ನಾರ್ತಿರೋದು ಗೊತ್ತಾಗಲ್ವೇನಯ್ಯ ನಿಂಗೆ?" ಶ್ರೀಹರಿ ಸೌಟು ಕಿತ್ತುಕೊಂಡು ತಳದವರೆಗೂ ಇಳಿಸಿ ಗೀರಿದ. ಇನ್ನೂರು ಜನ, ಅರ್ಧ ಗಂಟೆ, ಬದಲಿಗೆ ಬೇಯಿಸಲು ಒಂದು ಹಿಡಿ ಬೇಳೆಯಿಲ್ಲ. ಸೌಟು ಮೇಲೆ ಬಂತು. ಅದರಲ್ಲಿ ಹೊಂಬಣ್ಣದ ಹುಳಿಯನ್ನವಿತ್ತು, ಕರಿಯ ಚೂರೊಂದೂ ಇರಲಿಲ್ಲ. ಇನ್ನೊಂದು ಕಡೆ ಗೀರಿದ. ಅಲ್ಲಿಯೂ ಇರಲಿಲ್ಲ. ಸುತ್ತ ಕೆಲಸ ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು.

ಗದ್ದಲ ಕೇಳಿ ವತ್ಸಲಾ ತೋರಣದ ದಾರ ಕೈಯಲ್ಲೇ ಹಿಡಿದು ಓಡಿ ಬಂದಳು. ಅವಳ ಹಿಂದೆ ಅನುಸೂಯಮ್ಮ.

"ಏನಾಯ್ತ್ರೀ?"

"ಸುಟ್ಟ ರಬ್ಬರ್ ವಾಸನೆ ಕಣೇ. ನಮ್ಮ ಕಂಪನಿ ಟೆಸ್ಟ್ ರೂಮಲ್ಲಿ ಬರ್ತಿತ್ತಲ್ಲ, ಅದೇ."

ವತ್ಸಲಾ ಪಾತ್ರೆಯ ಹಬೆಗೆ ಮುಖವೊಡ್ಡಿದಳು. ಮಸಾಲೆಯ ಒಳ್ಳೆಯ ಘಮ, ಅಷ್ಟೇ. ಅವಳು ಗಂಡನ ಕಡೆ ತಿರುಗಿದಳು. ದಾರ ಕೈಯಿಂದ ಜಾರಿ ಬಿತ್ತು.

"ನಿಮಗೆ ವಾಸನೆ ಬಂತಾ?"

ಶ್ರೀಹರಿ ಮತ್ತೊಮ್ಮೆ ಪಾತ್ರೆಯ ಮೇಲೆ ಬಗ್ಗಿದ. ಮೂರು ತಿಂಗಳ ಮೇಲೆ ಅವನಿಗೆ ವಾಸನೆ ಬಂದಿತ್ತು.

"ತಪ್ಪಾಗಿ ಬರತ್ತೆ ಅಂದಿದ್ಲಲ್ರೀ ಸುಹಾಸಿನಿ," ಎಂದಳು ವತ್ಸಲಾ. ನಗುತ್ತಿದ್ದಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅಲ್ಲಿಗೆ ಗುಟ್ಟು ಉಳಿಯಲಿಲ್ಲ. ಶ್ರೀಹರಿ ಪಾತ್ರೆಯ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತು, ಬಿದ್ದದ್ದು, ಮೂಗು ಹೋದದ್ದು, ಸೆರಗಿನ ಸನ್ನೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. ಹೇಳಿದ ಮೇಲೆ ಹಗುರಾಯಿತು.

ಕಲ್ಲಿನಾಥ ಬೆರಳು ಮಡಿಚಿ ಲೆಕ್ಕ ಹಾಕಿದ. "ಅಂದ್ರ, ಹ್ವಾದ ವಾರ ನಮ್ಮ ಮನಿಯಾಕಿ ಲತಾಶ್ರೀ ಮಾಡಿದ್ ಸಾರು ಭಾಳ ಚಲೋ ಐತಿ ಅಂದಿದ್ರಲ್ರಿ? ಆಕಿ ಊರಿಗೆಲ್ಲ ಫೋನ್ ಮಾಡಿ ಹೇಳ್ಯಾಳ."

"ಅವಳಿಗೆ ಹೇಳ್ಬೇಡಪ್ಪ," ಎಂದ ಶ್ರೀಹರಿ.

ಅಡಿಗೆಮನೆಯೆಲ್ಲ ನಕ್ಕಿತು. ಅನುಸೂಯಮ್ಮ ಮಾತ್ರ ಗಂಭೀರವಾಗಿ, "ಅಂದ್ರೆ ದೇವರಿಗೆ ಮುಂಚೆ ಮೂಸದೆ ಅಡಿಗೆ ಮಾಡಿದೋನು ನೀನೊಬ್ಬನೇ ಕಣಪ್ಪ. ಬರೋ ವರ್ಷವೂ ನೀನೇ ಮಾಡು," ಎಂದು ತೋರಣದ ದಾರ ಎತ್ತಿಕೊಂಡು ಹೋದರು.

ನೈವೇದ್ಯವಾಯಿತು. ಹಾಲ್‌ನಲ್ಲಿ ಜನ ಸಾಲಾಗಿ ಕೂತರು. ಕೆಲಸವಿದ್ದವರು, ಇಲ್ಲದವರು, ಎಲ್ಲರೂ ಹುಳಿಯನ್ನವನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಕೊನೆಯ ಪಂಕ್ತಿಯಲ್ಲಿ ಕಲ್ಲಿನಾಥನ ಪಕ್ಕ ಶ್ರೀಹರಿ ಕೂತ. ತಟ್ಟೆಯಿಂದ ಹಬೆ ಏಳುತ್ತಿತ್ತು. ಅವನು ಬಗ್ಗಿ, ಆ ಕೆಟ್ಟ ನಾತವನ್ನು ಕಣ್ಣುಮುಚ್ಚಿ ಎದೆಯ ತುಂಬ ಎಳೆದುಕೊಂಡ.

ಬಡಿಸುತ್ತಿದ್ದ ವತ್ಸಲಾ ಸಾಲಿನ ಆಚೆ ತುದಿಯಲ್ಲಿ ನಿಂತು ಅವನನ್ನು ನೋಡಿದಳು. ಸೌಟು ಹಿಡಿದ ಕೈಯನ್ನು ಇಳಿಸಿ, ಇನ್ನೊಂದು ಕೈಯಿಂದ ಮೂಗುಬೊಟ್ಟು ಮುಟ್ಟಿದಳು.

ಹೌದೆಂದು ತಲೆಯಾಡಿಸಿ ಶ್ರೀಹರಿ ಇನ್ನಷ್ಟು ಹಾಕೆಂದು ತಟ್ಟೆಯನ್ನು ಮುಂದೆ ಚಾಚಿದ.